ಟೋಕನ್ ಇಲ್ಲದ ಸಾಲು

ಮೊದಲು ಜನ ನಮಸ್ಕಾರ ಹೇಳುವುದನ್ನು ಬಿಟ್ಟರು. ಆಮೇಲೆ ನಗುವುದನ್ನು ಬಿಟ್ಟರು. ಕೊನೆಕೊನೆಗೆ ಆ ಗಾಜಿನ ಕಿಟಕಿಯ ಹಿಂದೆ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದನ್ನೇ ಮರೆತು, ಫೋನಿನಲ್ಲಿ ಮುಖ ಹುದುಗಿಸಿಕೊಂಡು ನೇರ ಡಾಕ್ಟರಮ್ಮನ ಕೋಣೆಗೆ ನಡೆಯತೊಡಗಿದರು. ಇಷ್ಟಾದ ಮೇಲೂ ಟೋಕನ್ ಮಾವ ಅಪರಾಧಿಯಾಗದೆ ಇನ್ನೇನಾಗಬೇಕಿತ್ತು?

ಸಂಬಳದ ದಿನ ಬಿಟ್ಟರೆ ಅವನ ನಿಜವಾದ ಹೆಸರು ಯಾರಿಗೂ ಬೇಕಾಗುತ್ತಿರಲಿಲ್ಲ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತಿದ್ದವನು, ಹಾಗಾಗಿ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಟೋಕನ್ ಮಾವ. ಸಂಖ್ಯೆ ಕೊರೆದ ಹಿತ್ತಾಳೆ ಬಿಲ್ಲೆಗಳ ಡಬ್ಬಿ ಮುಂದಿಟ್ಟುಕೊಂಡು ಅವನು ಆ ಕಿಟಕಿಯ ಹಿಂದೆ ಕೂತರೆ, ಕೆಮ್ಮು ಇದ್ದವರು ಕೆಮ್ಮನ್ನು ನುಂಗಿಕೊಂಡು ನಿಲ್ಲುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಒಳಗೆ ಡಾಕ್ಟರಮ್ಮ ಎಷ್ಟೇ ದೊಡ್ಡವರಿರಲಿ, ಅವರ ಬಾಗಿಲು ತೆರೆಯುವುದು ಇವನ ಬೆರಳ ತುದಿಯಲ್ಲಿತ್ತು. ಕಾಲು ಉಳುಕಿಸಿಕೊಂಡು ಕುಂಟುತ್ತ ಬಂದವರೂ ಮೊದಲು ಮಾವನ ಮಂಡಿನೋವು ಹೇಗಿದೆ ಎಂದು ವಿಚಾರಿಸಿ, ಆಮೇಲೆ ಕೈ ಚಾಚುತ್ತಿದ್ದರು. ಅವನಿಗೆ ಮಂಡಿನೋವು ಇರಲೇ ಇಲ್ಲ. ಆದರೆ ವಿಚಾರಿಸುವವರ ಬಾಯಿಗೆ ಅಡ್ಡ ಬರುವಷ್ಟು ಒರಟನೂ ಅವನಾಗಿರಲಿಲ್ಲ.

ಆಮೇಲೆ ಕ್ಲಿನಿಕ್ಕಿಗೆ ಒಂದು ಆ್ಯಪ್ ಬಂತು, ಬಿಲ್ಲೆಗಳ ಡಬ್ಬಿ ಕಪಾಟು ಸೇರಿತು. ಈಗ ಸರದಿ ಫೋನಿನಲ್ಲೇ. ರಕ್ತ ಕೊಟ್ಟರೆ ವರದಿಯೂ ಫೋನಿಗೇ, ಅದೂ ಎಂಥ ವರದಿ, ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು, ಹೋದ ಸಲಕ್ಕಿಂತ ಏರಿದ್ದರೆ ಏರುಗೆರೆ, ಇಳಿದಿದ್ದರೆ ಇಳಿಗೆರೆ. ಓದು ಬಾರದವರಿಗೆ ಅದು ಬಾಯಿಬಿಟ್ಟು ಹೇಳುತ್ತಿತ್ತು. ಬೀದಿಗೊಂದು ಗುಂಪು ಮಾಡಿಕೊಂಡು, ಮಾತ್ರೆ ನುಂಗಿದೆಯಾ, ನಡೆದು ಬಂದೆಯಾ ಎಂದು ಒಬ್ಬರನ್ನೊಬ್ಬರು ಕಾಡುವುದು ಬೇರೆ. ಮೊದಲೆಲ್ಲ ಡಾಕ್ಟರಮ್ಮ ಬರೆದುಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದ ಜನ ಈಗ ಈ ಮಾತ್ರೆ ಯಾಕೆ, ಇದನ್ನು ಯಾವಾಗ ಬಿಡಬಹುದು ಎಂದು ಪ್ರಶ್ನೆ ಕೇಳುತ್ತಿದ್ದರು. ಡಾಕ್ಟರಮ್ಮನಿಗೆ ಬೇಜಾರಾಗಬೇಕಿತ್ತು. ಆಕೆಗೆ ಖುಷಿ. ಪ್ರಪಂಚ ಕೆಟ್ಟಿದೆ ಎನ್ನುವುದಕ್ಕೆ ಟೋಕನ್ ಮಾವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಮೇಷ್ಟ್ರು. ನಿವೃತ್ತ ಲೆಕ್ಕದ ಮೇಷ್ಟ್ರಾದ ಅವರಿಗೆ ಸಕ್ಕರೆ ಕಾಯಿಲೆ ಎಷ್ಟು ಹಳೆಯದೆಂದರೆ, ಬಡಾವಣೆಯವರು ಅವರ ಮನೆಗೆ ಸಕ್ಕರೆ ಕಾರ್ಖಾನೆ ಎಂದೇ ಗುರುತು ಹೇಳುತ್ತಿದ್ದರು. ವಾರಕ್ಕೊಮ್ಮೆ ಕಿಟಕಿಯ ಮುಂದೆ ಬೆವರುತ್ತ ನಿಂತು "ಮಾವ, ಒಂಚೂರು ಬೇಗ ಬಿಡಪ್ಪ" ಎಂದು ಗೋಗರೆಯುತ್ತಿದ್ದ ಅದೇ ಮೇಷ್ಟ್ರು ಈಗ ಆ್ಯಪಿನ ಪಟ್ಟಶಿಷ್ಯ. ಬೆಳಗಾದರೆ ನಡಿಗೆ ಮುಗಿಸಿ ಬಂದು, ಫೋನನ್ನು ಗಾಜಿಗೆ ಒತ್ತಿ ಹಿಡಿದು, "ನೋಡು ಮಾವ, ಗೆರೆ ಹೆಂಗೆ ಇಳೀತಾ ಇದೆ" ಎನ್ನುವರು. ಟೋಕನ್ ಮಾವ ಒಮ್ಮೆಯೂ ನೋಡಲಿಲ್ಲ. ಅವರು ಫೋನ್ ಎತ್ತಿದ ಕೂಡಲೇ ಇವನು ತಲೆಯೆತ್ತಿ ಫ್ಯಾನು ನೋಡುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಇನ್ನು ಗೆರೆ ಎಳೆದರೆ ಹೋಗುತ್ತದೆಯೇ?

ಇಂಥ ಮೇಷ್ಟ್ರು ಬಡಾವಣೆಯ ಸಮಿತಿಯ ಮುಂದೆ ಒಂದು ಸಲಹೆ ಇಟ್ಟರು. ಟೋಕನ್ ಕಿಟಕಿ ಈಗ ಸುಮ್ಮನೆ ಜಾಗ ತಿನ್ನುತ್ತಿದೆ. ಅದನ್ನು ಒಡೆದು ಅಲ್ಲೊಂದು ಅಳತೆ ಮೂಲೆ ಮಾಡೋಣ. ತೂಕ, ಬಿಪಿ, ಸಕ್ಕರೆ ಎಲ್ಲ ಜನ ತಾವೇ ಬಂದು ನೋಡಿಕೊಳ್ಳಲಿ. ಮಾವನಿಗೆ ಹಿಂದಿನ ಸ್ಟೋರ್ ರೂಮಿನಲ್ಲಿ ಒಂದು ಕುರ್ಚಿ ಹಾಕಿಕೊಡೋಣ. ಸ್ಟೋರ್ ರೂಮಿನಲ್ಲಿ ಮುರಿದ ವೀಲ್‌ಚೇರುಗಳೂ ಹಳೆಯ ಎಕ್ಸ್‌ರೇ ಲಕೋಟೆಗಳೂ ಇದ್ದವು. ಅವುಗಳ ಸಾಲಿನಲ್ಲಿ ತಾನೂ ಒಂದು ಎಂದು ಮಾವನಿಗೆ ತಕ್ಷಣ ಅರ್ಥವಾಯಿತು. ವರ್ಷಕ್ಕೊಮ್ಮೆ ಇಡೀ ಬಡಾವಣೆಗೆ ರಕ್ತ ಪರೀಕ್ಷೆ ನಡೆಯುವ ದಿನ, ಸಂಜೆಯ ಸಭೆಯಲ್ಲಿ ಕೈಯೆತ್ತಿಸಿ ತೀರ್ಮಾನ ಮಾಡುವುದೆಂದು ನಿರ್ಧಾರವಾಯಿತು.

ಸಂಚು ಹುಟ್ಟಿದ್ದು ಮನೆಯ ಅಡುಗೆಮನೆಯಲ್ಲಿ, ಚೊಂಬಿನಲ್ಲಿ ನೀರು ಗಟಗಟನೆ ಕುಡಿಯುತ್ತಿದ್ದಾಗ. ಈಚೆಗೆ ಅವನಿಗೆ ವಿಪರೀತ ಬಾಯಾರಿಕೆ. ಸಿಟ್ಟಿನ ಕಾವು, ಇನ್ನೇನು? ಅದೇ ಕಾವಿಗೆ ಮೈಯೂ ಕರಗಿ, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯಬೇಕಾಗಿ ಬಂದಿತ್ತು. ಸೇಡು ಮನುಷ್ಯನನ್ನು ಎಷ್ಟು ಚುರುಕಾಗಿಸುತ್ತದೆ ಎಂದು ಅವನು ಕನ್ನಡಿಯಲ್ಲಿ ತನ್ನ ಹೊಟ್ಟೆ ನೋಡಿಕೊಂಡು ಮೆಚ್ಚಿಕೊಂಡಿದ್ದ.

ಹೆಂಡತಿಗೆ ಇವನ ಯೋಚನೆಯ ಗೊಡವೆಯೇ ಇಲ್ಲ. ಅವಳ ದೂರುಗಳು ಅವಳಿಗೆ. ನಲ್ಲಿ ಸೋರುತ್ತಿದೆ, ಪಕ್ಕದ ಮನೆಯವರು ಗೋಡೆಯ ಮೇಲೆ ಕಾರ್ಪೆಟ್ ಒಣಹಾಕಿದ್ದಾರೆ, ಟಾಯ್ಲೆಟ್ಟಿನಲ್ಲಿ ಇರುವೆ.

"ಎಲ್ಲರ ಮನೆ ಇರುವೆ ಅಡುಗೆಮನೆಗೆ ಬರ್ತವೆ, ನಮ್ಮನೇದು ಟಾಯ್ಲೆಟ್ಟಿಗೆ ಸಾಲು ಹಿಡಿದು ಬರ್ತವೆ. ಅದೂ ನೀವು ಹೋಗಿಬಂದ್ಮೇಲೇನೆ. ಸ್ವಲ್ಪ ಸರಿಯಾಗಿ ನೀರು ಹಾಕ್ರಿ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ಲ."

"ಇರುವೆ ಚಾಕ್ ತರ್ತೀನಿ ಬಿಡೆ," ಎಂದ ಅವನು, ಇನ್ನೊಂದು ಚೊಂಬು ನೀರು ತುಂಬಿಸಿಕೊಳ್ಳುತ್ತ. ಮಹಾನ್ ಸಂಚುಗಾರರ ಮನೆಯಲ್ಲೂ ಇಂಥವೇ ಮಾತು ನಡೆಯುತ್ತಿರಬಹುದು.

ಸಂಚು ಮಾತ್ರ ನೀರು ಕುಡಿದಷ್ಟು ಸಲೀಸು. ಆ್ಯಪಿನ ಮೇಲೆ ಜನಕ್ಕೆ ನಂಬಿಕೆ ಇರುವವರೆಗೂ ಕಿಟಕಿಗೆ ಉಳಿಗಾಲವಿಲ್ಲ. ಆದ್ದರಿಂದ ಆ್ಯಪು ಸುಳ್ಳು ಹೇಳಬೇಕು, ಅದೂ ನಾಲ್ಕು ಜನರ ಎದುರು, ಅದೂ ಪಟ್ಟಶಿಷ್ಯನ ವಿಷಯದಲ್ಲೇ. ಪರೀಕ್ಷೆಯ ದಿನ ಮೇಷ್ಟ್ರ ರಕ್ತದ ಟ್ಯೂಬಿನ ಸ್ಟಿಕರ್ ಕಿತ್ತು ತನ್ನ ಟ್ಯೂಬಿಗೆ, ತನ್ನದನ್ನು ಕಿತ್ತು ಮೇಷ್ಟ್ರ ಟ್ಯೂಬಿಗೆ ಅಂಟಿಸಿದರೆ ಮುಗಿಯಿತು. ಗುಂಡುಕಲ್ಲಿನಂಥ ತನ್ನ ರಕ್ತ ಮೇಷ್ಟ್ರ ಹೆಸರಲ್ಲಿ ಹಸಿರು ತೋರಿಸುತ್ತದೆ. ಮೇಷ್ಟ್ರು ಸಭೆಯಲ್ಲಿ ಜಂಬದಿಂದ ಫೋನ್ ಎತ್ತಿ ತೋರಿಸುತ್ತಾರೆ. ಆಗ ಇವನು ಮೆಲ್ಲಗೆ ಎದ್ದು, ಹಾಗಾದರೆ ಇಲ್ಲೇ ಬೆರಳು ಚುಚ್ಚಿ ನೋಡಿಬಿಡೋಣ ಎನ್ನುತ್ತಾನೆ. ಬೆರಳಿನ ಯಂತ್ರ ಮೇಷ್ಟ್ರ ಸಕ್ಕರೆ ಕಾರ್ಖಾನೆಯ ಬಣ್ಣ ಬಯಲು ಮಾಡುತ್ತದೆ. ಬೆನ್ನಿಗೇ ಇವನು ತನ್ನ ಫೋನನ್ನು ತೆಗೆದು, ನನ್ನಂಥ ಗಟ್ಟಿಮುಟ್ಟಾದವನಿಗೂ ನಿಮ್ಮ ಆ್ಯಪು ಕೆಂಪು ಬಳಿದಿದೆ ನೋಡಿ ಎನ್ನುತ್ತಾನೆ. ಒಂದೇ ಕಲ್ಲು, ಎರಡು ಹಕ್ಕಿ. ಬಿಲ್ಲೆಗಳ ಡಬ್ಬಿ ಕಪಾಟಿನಿಂದ ಈಚೆ ಬರುತ್ತದೆ.

ಅದರಲ್ಲಿ ಅವನಿಗೆ ಇಷ್ಟವಾದದ್ದು ಅದರ ಸೌಮ್ಯತೆ. ಕದಿಯುವುದಿಲ್ಲ, ಹೊಡೆಯುವುದಿಲ್ಲ, ಯಾರ ಕೂದಲೂ ಕೊಂಕುವುದಿಲ್ಲ. ಮೇಷ್ಟ್ರಿಗೆ ತಪ್ಪು ವರದಿ ಸಿಕ್ಕರೂ ಸಂಜೆಯೊಳಗೆ ನಿಜ ತಿಳಿದುಹೋಗುತ್ತದೆ. ಹಾವು ಸಾಯಬೇಕು, ಕೋಲು ಮುರಿಯಬಾರದು. ಇವನ ಸಂಚಿನಲ್ಲಿ ಹಾವಿಗೂ ಏನೂ ಆಗುತ್ತಿರಲಿಲ್ಲ, ಸ್ವಲ್ಪ ಮುಖಭಂಗ ಬಿಟ್ಟರೆ.

ಕಷ್ಟವಿದ್ದದ್ದು ಒಂದೇ ಕಡೆ. ಕ್ಲಿನಿಕ್ಕಿನಲ್ಲಿ ಹೊಸದೊಂದು ಪದ್ಧತಿ ಬಂದಿತ್ತು. ರಕ್ತ ತೆಗೆಯುವ ನರ್ಸು, ಬಡಾವಣೆಗೆಲ್ಲ ಸೂಜಿ ಅಕ್ಕ, ಟ್ಯೂಬಿಗೆ ಸ್ಟಿಕರ್ ಅಂಟಿಸಿದ ಮೇಲೆ ಅದನ್ನು ರೋಗಿಯ ಕೈಗೇ ಕೊಡುತ್ತಿದ್ದಳು. ರೋಗಿ ತನ್ನ ಫೋನಿನಿಂದ ಆ ಸ್ಟಿಕರಿನ ಗೆರೆಗಳನ್ನು ಸ್ಕ್ಯಾನ್ ಮಾಡಿ, ಹೌದು ಇದು ನನ್ನದೇ ಎಂದು ಒಪ್ಪಿದರೆ ಮಾತ್ರ ಟ್ಯೂಬು ಸ್ಟ್ಯಾಂಡಿಗೆ. ನಿಮ್ಮ ರಕ್ತಕ್ಕೆ ನೀವೇ ಕಾವಲು ಎಂದು ಗೋಡೆಯ ಮೇಲೆ ಬರೆದೂ ಇತ್ತು. ಆದರೆ ಸ್ಟ್ಯಾಂಡು ತುಂಬಿದ ಮೇಲೆ ಅದನ್ನು ಮೊಗಸಾಲೆಯ ಆ ತುದಿಯ ಲ್ಯಾಬಿಗೆ ಒಯ್ಯುವವನು ಯಾರು? ಕೆಲಸವಿಲ್ಲದ ಟೋಕನ್ ಮಾವ. ಕಾವಲು ಎಷ್ಟೇ ಗಟ್ಟಿಯಿರಲಿ, ಬೇಲಿಯೇ ಎದ್ದು ಹೊಲ ಮೇಯುವಾಗ ಯಾರೇನು ಮಾಡಲಾದೀತು?

ಮೊಗಸಾಲೆಯಲ್ಲಿ ಕ್ಯಾಮೆರಾ ಇತ್ತು. ಅದರ ಕಣ್ಣಿಗೆ ಬೀಳದ ಜಾಗ ಮೆಟ್ಟಿಲಿನ ಕೆಳಗಿನ ಮೂಲೆ. ಅಲ್ಲೇ ಕುಡಿಯುವ ನೀರಿನ ಫಿಲ್ಟರು. ಅಲ್ಲಿ ಯಾರಾದರೂ ನಿಂತರೆ ಅನುಮಾನ ಬರಬಹುದು, ಆದರೆ ಟೋಕನ್ ಮಾವ ನಿಂತರೆ ಬರುವುದಿಲ್ಲ. ಕೆಲವು ತಿಂಗಳಿಂದ ಅವನು ದಿನವಿಡೀ ಬಾಟಲಿ ಹಿಡಿದು ಅಲ್ಲಿಗೂ, ಅಲ್ಲಿಂದ ಟಾಯ್ಲೆಟ್ಟಿಗೂ ಓಡಾಡುತ್ತಿದ್ದುದನ್ನು ನೋಡಿ ಸಿಬ್ಬಂದಿಯವರು ನಕ್ಕು ನಕ್ಕು ಸುಸ್ತಾಗಿ ಈಗ ಗಮನಿಸುವುದನ್ನೇ ಬಿಟ್ಟಿದ್ದರು. ತನ್ನ ಬಾಯಾರಿಕೆಯೇ ತನಗೆ ಮರೆ. ಇಂಥ ಅನುಕೂಲವನ್ನು ದುಡ್ಡು ಕೊಟ್ಟರೂ ಕೊಳ್ಳಲಾಗುವುದಿಲ್ಲ ಎಂದು ಅವನು ಹಿಗ್ಗಿದ.

ಪರೀಕ್ಷೆಯ ದಿನ ಬಂತು. ಪ್ರತಿ ವರ್ಷ ಸೂಜಿ ಎಂದರೆ ಬಾಗಿಲ ಹಿಂದೆ ಅಡಗುತ್ತಿದ್ದ ಟೋಕನ್ ಮಾವ ಈ ಸಲ ತಾನಾಗಿ ಅಂಗಿಯ ತೋಳು ಮಡಚಿಕೊಂಡು ಕುರ್ಚಿಯಲ್ಲಿ ಕೂತದ್ದನ್ನು ಕಂಡು ಡಾಕ್ಟರಮ್ಮ ಒಳಗಿನಿಂದ ಎದ್ದುಬಂದು ಬೆನ್ನು ತಟ್ಟಿದರು. ಅವನು ಆಗಲೇ ಲೆಕ್ಕ ಹಾಕಿ ಮೇಷ್ಟ್ರ ಮುಂದಿನ ಜಾಗ ಹಿಡಿದಿದ್ದ. ಎರಡು ಟ್ಯೂಬುಗಳು ಅಕ್ಕಪಕ್ಕ ಇರಬೇಕಲ್ಲ.

"ಏನ್ ಮಾವ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದಳು ಸೂಜಿ ಅಕ್ಕ, ತೋಳಿಗೆ ಪಟ್ಟಿ ಬಿಗಿಯುತ್ತ. "ಕೈ ಏನಿದು, ಕಡ್ಡಿ ಆಗಿದೆ. ಅತ್ತೆ ಊಟ ಹಾಕ್ತಿಲ್ವಾ?"

"ಯೋಚನೆ ಕಣಮ್ಮ, ಯೋಚನೆ. ದೊಡ್ಡೋರಿಗೆಲ್ಲ ಇರತ್ತೆ."

ಅವನು ತನ್ನ ಸ್ಟಿಕರನ್ನು ಸ್ಕ್ಯಾನ್ ಮಾಡಿ ಒಪ್ಪಿದ. ಹಿಂದೆಯೇ ಮೇಷ್ಟ್ರು ಕೂತರು, ತಮ್ಮದನ್ನು ಸ್ಕ್ಯಾನ್ ಮಾಡಿ, ಫೋನು ಹೌದೆಂದು ಗುಂಯ್‌ಗುಟ್ಟಿದಾಗ ಬಹುಮಾನ ಬಂದವರಂತೆ ನಕ್ಕರು. ಸ್ಟ್ಯಾಂಡು ತುಂಬಿತು. ಟೋಕನ್ ಮಾವ ಒಂದು ಕೈಯಲ್ಲಿ ಸ್ಟ್ಯಾಂಡು, ಒಂದು ಕೈಯಲ್ಲಿ ಖಾಲಿ ಬಾಟಲಿ ಹಿಡಿದು ಮೊಗಸಾಲೆಯಲ್ಲಿ ನಡೆದ. ಮೆಟ್ಟಿಲಿನ ಕೆಳಗೆ ಬಾಟಲಿಗೆ ನೀರು ಬಿಟ್ಟು, ಅದು ತುಂಬುವಷ್ಟರಲ್ಲಿ ಉಗುರಿನ ತುದಿಯಿಂದ ಎರಡೂ ಸ್ಟಿಕರ್ ಎಬ್ಬಿಸಿದ. ಅಂಟು ಇನ್ನೂ ಹಸಿಯಿತ್ತು, ಬಾಳೆಹಣ್ಣಿನ ಸಿಪ್ಪೆಯಂತೆ ಸಲೀಸಾಗಿ ಬಂದವು. ಇದರದ್ದು ಅದಕ್ಕೆ, ಅದರದ್ದು ಇದಕ್ಕೆ. ಹೆಬ್ಬೆರಳಿನಿಂದ ಒಮ್ಮೆ ಸವರಿದ. ಜೀವಮಾನವಿಡೀ ಬಿಲ್ಲೆ ಎಣಿಸಿದ ಬೆರಳು, ಒಂದಿಷ್ಟೂ ನಡುಗಲಿಲ್ಲ. ಬಾಟಲಿ ತುಂಬಿತು. ಅರ್ಧ ಅಲ್ಲೇ ಕುಡಿದು, ಇನ್ನರ್ಧ ಹಿಡಿದು, ಲ್ಯಾಬಿನ ಕಿಟಕಿಯಲ್ಲಿ ಸ್ಟ್ಯಾಂಡ್ ಇಟ್ಟು ಬಂದ.

ಮಧ್ಯಾಹ್ನದ ಮೇಲೆ ವರದಿಗಳು ಬರತೊಡಗಿದವು. ರೋಗಿಗಳು ಕಾಯುವ ಹಾಲ್‌ನಲ್ಲಿ ಒಂದಾದ ಮೇಲೊಂದು ಫೋನು ಗುಂಯ್‌ಗುಟ್ಟಿತು. ಟೋಕನ್ ಮಾವನದೂ ಗುಂಯ್ ಎಂದಿತು. ಕೆಂಪು ನೋಡಲು ಸಿದ್ಧನಾಗಿ, ಮುಖದಲ್ಲಿ ನೊಂದ ಭಾವ ತಂದುಕೊಂಡು ಅವನು ಫೋನನ್ನು ಕಣ್ಣಿನಿಂದ ದೂರ ಹಿಡಿದ, ಈಚೆಗೆ ಅಕ್ಷರಗಳು ಸ್ವಲ್ಪ ಮಂಜಾಗುತ್ತಿದ್ದವು.

ಹಸಿರು. ಎಲ್ಲವೂ ಹಸಿರು. ಕೆಳಗೊಂದು ನಗುವ ಮುಖ ಬೇರೆ, ನೀವು ಆರೋಗ್ಯವಾಗಿದ್ದೀರಿ, ಹೀಗೇ ಇರಿ.

ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಅಷ್ಟರಲ್ಲಿ ಹಾಲ್‌ನ ಆ ಬದಿಯಿಂದ ಮೇಷ್ಟ್ರು ಫೋನು ಹಿಡಿದುಕೊಂಡು, ಲೆಕ್ಕ ತಪ್ಪಿದ ಹುಡುಗನ ಮುಖ ಮಾಡಿಕೊಂಡು ಡಾಕ್ಟರಮ್ಮನ ಕೋಣೆಗೆ ಹೋಗುತ್ತಿದ್ದರು. ಅವರ ಫೋನು ಕೆಂಪಾಗಿತ್ತಂತೆ. ಬರೀ ಕೆಂಪಲ್ಲ, ಕೂಡಲೇ ಡಾಕ್ಟರನ್ನು ಕಾಣಿ ಎಂದು ಅರಚುವ ಕೆಂಪು.

ಟೋಕನ್ ಮಾವ ಕಿಟಕಿಯ ಹಿಂದೆ ಕೂತು ಯೋಚಿಸಿದ. ಮೇಷ್ಟ್ರು ಕೆಂಪು, ತಾನು ಹಸಿರು. ಲೋಕದಲ್ಲಿ ಇದ್ದದ್ದು ಹಾಗೆಯೇ ಇದೆ. ಅಂದರೆ ಗಡಿಬಿಡಿಯಲ್ಲಿ ಸ್ಟಿಕರುಗಳನ್ನು ಕಿತ್ತು, ಮತ್ತೆ ಆಯಾ ಟ್ಯೂಬಿಗೇ ಅಂಟಿಸಿಬಿಟ್ಟಿದ್ದೇನೆ. ಅವನಿಗೆ ನಗು ಬಂತು, ನಾಚಿಕೆಯೂ ಆಯಿತು. ಇಷ್ಟು ದೊಡ್ಡ ಸಂಚು ಮಾಡಿ ಕೊನೆಗೆ ಮಾಡಿದ್ದು ಏನೂ ಇಲ್ಲ. ಆದರೆ ಬುದ್ಧಿವಂತನಿಗೆ ಬಿದ್ದ ಜಾಗವೂ ಕುರ್ಚಿಯೇ. ಮೇಷ್ಟ್ರು ಕೆಂಪಾಗಿರುವುದು ಇನ್ನೂ ಒಳ್ಳೆಯದಲ್ಲವೇ? ಆ್ಯಪಿನ ಪಟ್ಟಶಿಷ್ಯನಿಗೇ ಈ ಗತಿ ಎಂದರೆ ಆ್ಯಪಿನಿಂದ ಏನು ಉಪಯೋಗ? ಇನ್ನು ಸುಳ್ಳು ಹೇಳುವ ಅಗತ್ಯವೂ ಇಲ್ಲ. ಅಪರಾಧವನ್ನೇ ಮಾಡದೆ ಅದರ ಲಾಭ ಪಡೆಯುವ ಮೊದಲ ಅಪರಾಧಿ ತಾನೇ ಇರಬೇಕು ಎಂದುಕೊಂಡ.

ಸಂಜೆ ಹಾಲ್ ತುಂಬಿತು. ಮುಂದಿನ ಸಾಲಿನಲ್ಲಿ ಸಮಿತಿಯವರು, ಪಕ್ಕದಲ್ಲಿ ಡಾಕ್ಟರಮ್ಮ, ಬಾಗಿಲ ಹತ್ತಿರ ಮಡಿಲಲ್ಲಿ ಬಾಟಲಿ ಇಟ್ಟುಕೊಂಡು ಟೋಕನ್ ಮಾವ. ಕಿಟಕಿಯ ಮಾತು ಬಂದ ಕೂಡಲೇ ಅವನು ಎದ್ದ. ತಾನು ಓದಿದವನಲ್ಲ, ಆದರೆ ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ ಎಂದು ಶುರು ಮಾಡಿ, ಇಡೀ ಬಡಾವಣೆಗೆ ಗೆರೆ ತೋರಿಸುತ್ತಿದ್ದ ಮೇಷ್ಟ್ರ ಫೋನು ಇವತ್ತು ಯಾವ ಬಣ್ಣಕ್ಕೆ ತಿರುಗಿದೆ ಎಂದು ಅವರನ್ನೇ ಕೇಳಿ ಎಂದ. ಗೆರೆ ನೋಡುತ್ತ ಕೂರದ, ಇವತ್ತಿನವರೆಗೆ ಆ್ಯಪು ಮುಟ್ಟದಿದ್ದ ತನ್ನ ಫೋನು ಹಸಿರಾಗಿದೆ ಎಂದು ಎತ್ತಿ ತೋರಿಸಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ತಲೆಯಾಡಿಸಿದರು. ಎಷ್ಟೋ ದಿನಗಳ ಮೇಲೆ ಒಬ್ಬ ಅಜ್ಜಿ ಅವನನ್ನು ನೋಡಿ ನಕ್ಕಳು. ಹಿತ್ತಾಳೆ ಬಿಲ್ಲೆಗಳ ಸದ್ದು ಅವನ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು.

ಮೇಷ್ಟ್ರು ಸಿಟ್ಟಾಗಲಿಲ್ಲ. ನಿಧಾನಕ್ಕೆ ಎದ್ದು, ಮಾವ ಹೇಳಿದ್ದು ಸರಿ, ನನ್ನ ಫೋನು ಕೆಂಪಾಗಿದೆ, ಆದರೆ ಅದು ತಪ್ಪು ಎಂದರು. ತಾವು ಬೆಳಗ್ಗೆ ಮನೆಯಲ್ಲಿ ಅಳೆದಾಗ ಸರಿಯಿತ್ತು, ನಿನ್ನೆಯೂ ಸರಿಯಿತ್ತು, ಬೇಸಿಗೆಯಿಂದ ಈಚೆಗೆ ಒಂದು ದಿನವೂ ಮೇಲೇರಿಲ್ಲ, ಎಲ್ಲವೂ ಫೋನಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಸೂಜಿ ಅಕ್ಕ ಅಲ್ಲೇ ಎಲ್ಲರ ಎದುರು ಅವರ ಬೆರಳು ಚುಚ್ಚಿದಳು. ಯಂತ್ರ ಕೀ ಎಂದಿತು. ಅಂಕಿ ಓದಿ ಅವಳು ಡಾಕ್ಟರಮ್ಮನ ಕಡೆ ತಿರುಗಿಸಿದಳು. ಸರಿಯಿತ್ತು. ಅಚ್ಚುಕಟ್ಟಾಗಿ ಸರಿಯಿತ್ತು.

ಟೋಕನ್ ಮಾವನಿಗೆ ಕುಣಿಯಬೇಕೆನಿಸಿತು. ಆ್ಯಪು ತಪ್ಪು ಹೇಳಿದೆ, ಎಲ್ಲರೆದುರು ಸಿಕ್ಕಿಬಿದ್ದಿದೆ, ಅದೂ ತಾನು ಏನೂ ಮಾಡದೆಯೇ. ಆದರೆ ಡಾಕ್ಟರಮ್ಮನ ಮುಖದಲ್ಲಿ ಸೋಲು ಇರಲಿಲ್ಲ, ಗಾಬರಿ ಇತ್ತು.

"ಯಂತ್ರ ಸುಳ್ಳು ಹೇಳಿಲ್ಲ," ಎಂದರು ಅವರು. "ಮೇಷ್ಟ್ರ ಹೆಸರಿನ ಟ್ಯೂಬನ್ನ ಮತ್ತೆ ಹಾಕಿ ನೋಡಿಸ್ದೆ, ಅದೇ ಅಂಕಿ ಬಂತು. ಅಂದ್ರೆ ಆ ರಕ್ತ ಮೇಷ್ಟ್ರದ್ದಲ್ಲ, ಬೇರೆ ಯಾರದೋ. ಈ ಅಂಕಿ ಇರೋರು ಇವತ್ತೇ ಆಸ್ಪತ್ರೆಗೆ ಸೇರ್ಬೇಕು. ನಾಳೆ ಅಂತ ಬಿಟ್ರೆ ಎಚ್ಚರ ತಪ್ಪಿ ಬೀಳ್ತಾರೆ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಕಿಟಕಿಯ ಮಾತು ಎಲ್ಲರಿಗೂ ಮರೆತುಹೋಯಿತು. ಬೀದಿ ಗುಂಪುಗಳ ಫೋನುಗಳು ಹೊರಬಂದವು, ಬೆಳಗ್ಗೆ ರಕ್ತ ಕೊಟ್ಟವರನ್ನೆಲ್ಲ ಈಗಲೇ ಕರೆಸಿ, ಹಸಿರು ಬಂದವರನ್ನೂ ಬಿಡಬೇಡಿ ಎಂದು ಸಮಿತಿಯವರು ಹೇಳುತ್ತಿದ್ದರು.

"ಪಾಪ, ಯಾರೋ ಏನೋ," ಎಂದರು ಮೇಷ್ಟ್ರು, ಟೋಕನ್ ಮಾವನ ಪಕ್ಕ ಬಂದು ಕೂತು ಅವನ ಹೆಗಲ ಮೇಲೆ ಕೈಯಿಡುತ್ತ. "ತಮಗೇನೂ ಆಗಿಲ್ಲ ಅಂದ್ಕೊಂಡು ಎಲ್ಲೋ ಆರಾಮಾಗಿ ಕೂತಿರ್ತಾರೆ, ಅಲ್ವಾ ಮಾವ?"

ಟೋಕನ್ ಮಾವ ಉತ್ತರ ಕೊಡಲು ಬಾಯಿ ತೆರೆದ, ಗಂಟಲು ಒಣಗಿತ್ತು, ಬಾಟಲಿ ಎತ್ತಿದ, ಅದು ಆಗಲೇ ಖಾಲಿಯಾಗಿತ್ತು. ಖಾಲಿ ಬಾಟಲಿಯನ್ನು ನೋಡುತ್ತ ಅವನು ತನ್ನ ಉಗುರುಗಳನ್ನು ನೆನೆದ, ಅವು ತಪ್ಪು ಮಾಡಿರಲಿಲ್ಲ. ಸ್ಟಿಕರುಗಳು ಸರಿಯಾಗಿಯೇ ಅದಲುಬದಲಾಗಿದ್ದವು, ಕೈಯಲ್ಲಿ ನಗುತ್ತಿದ್ದ ಹಸಿರು ಮುಖ ಮೇಷ್ಟ್ರದ್ದಾಗಿತ್ತು. ಆಸ್ಪತ್ರೆಯ ಆ ಹಾಸಿಗೆ ಬೇಕೆಂದರೆ ಈಗ ಇಡೀ ಬಡಾವಣೆಯ ಎದುರು ಬೆರಳು ಚಾಚಿ, ಅದು ನನ್ನ ರಕ್ತ ಎಂದು ಒಪ್ಪಬೇಕು. ಅದಕ್ಕೆ ಮೇಷ್ಟ್ರ ಹೆಸರು ಹೇಗೆ ಬಂತು ಎಂದು ಕೇಳಿದರೆ ಅದನ್ನೂ ಹೇಳಬೇಕು. ಕ್ಯಾಮೆರಾ ನೋಡಿದ್ದ, ಮೂಲೆ ನೋಡಿದ್ದ, ಅಂಟಿನ ಹಸಿ ನೋಡಿದ್ದ, ಮೇಷ್ಟ್ರ ಗೆರೆಯೊಂದು ಬಿಟ್ಟು ಎಲ್ಲವನ್ನೂ ನೋಡಿದ್ದ. ಹೋಗಲಿ, ಅದನ್ನು ನೋಡದಿದ್ದರೂ ನಡೆಯುತ್ತಿತ್ತು, ಹೆಂಡತಿಯ ಮಾತನ್ನಾದರೂ ಕಿವಿಗೆ ಹಾಕಿಕೊಂಡಿದ್ದರೆ. ಇರುವೆಗೆ ಎಲ್ಲಿ ಏನು ಸಿಗುತ್ತದೆ ಎಂಬುದು ಎಳೆಮಗುವಿಗೂ ಗೊತ್ತು. ಸಕ್ಕರೆ ಇಲ್ಲದ ಕಡೆ ಅದು ಹೆಜ್ಜೆ ಇಡುವುದಿಲ್ಲ. ಅವನ ವರದಿಯನ್ನು ಅವು ಎಂದೋ ಓದಿ ಮುಗಿಸಿದ್ದವು, ಅವನು ಟಾಯ್ಲೆಟ್ಟಿನಿಂದ ಹೊರಬರುವುದನ್ನೇ ಕಾದು, ದಿನವೂ, ತಳ್ಳಾಟವಿಲ್ಲದೆ, ಯಾರ ಟೋಕನ್ನೂ ಕೇಳದೆ, ಸಾಲಾಗಿ ಬಂದು.